ಪದಚರ್ಚೆ: ‘ಹಾರ್ಡ್ ವೀಟ್’ ಅಂದ್ರೆ ‘ಗಟ್ಟಿ ಗೋಧಿ’ ಆಗುತ್ತದೆಯೇ?

ಪ್ರಶ್ನೆ (ಸಿಂಧನೂರಿನಿಂದ):

ಎಲ್ಲರಿಗೂ ನಮಸ್ಕಾರ. ಅಮೆರಿಕದ ಗೋಧಿಯನ್ನು ಹೊರದೇಶದ ಗಿರಣಿಗಳಿಗೆ ಪರಿಚಯಿಸುವ ಕೈಪಿಡಿಯೊಂದು ಕನ್ನಡಕ್ಕೆ ಬರುತ್ತಿದೆ. ಓದುವವರು ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆಯ ಹಿಟ್ಟಿನ ಗಿರಣಿಯವರು, ಅಡತಿಯವರು. ಕರಡಿನಲ್ಲಿ ‘ಹಾರ್ಡ್ ರೆಡ್ ವಿಂಟರ್’ ಅನ್ನು ‘ಗಟ್ಟಿ ಕೆಂಪು ಹಿಂಗಾರಿ ಗೋಧಿ’ ಎಂದೂ, ‘ಡ್ಯೂರಮ್’ ಅನ್ನು ‘ಜವೆ ಗೋಧಿ’ ಎಂದೂ ಬರೆದಿದ್ದಾರೆ. ‘ಡಾಕೇಜ್’ಗೆ ‘ಸೂಟು’, ‘ಫಾಲಿಂಗ್ ನಂಬರ್’ಗೆ ‘ಕುಸಿತದ ಸಂಖ್ಯೆ’, ‘ಎಕ್ಸ್‌ಪೋರ್ಟ್ ಪ್ರಮೋಷನ್’ಗೆ ‘ರಫ್ತು ಉತ್ತೇಜನ’. ಓದಲು ಸರಾಗ ಇದೆ. ಅರ್ಥ ನಿಲ್ಲುತ್ತದೆಯೇ?

ಉತ್ತರ (ರಾಯಚೂರಿನಿಂದ):

ಸರ್, ಸರಾಗ ಇರುವುದೇ ತೊಂದರೆ. ಎಲ್ಲ ಪದಗಳೂ ನಮ್ಮ ಪೇಟೆಯಲ್ಲಿ ಬೇರೆ ಕೆಲಸಕ್ಕೆ ಈಗಾಗಲೇ ದುಡಿಯುತ್ತಿವೆ.

‘ಗಟ್ಟಿ’ ನೋಡಿ. ಗಂಜ್‌ನಲ್ಲಿ ‘ಕಾಳು ಗಟ್ಟಿ ಐತಿ’ ಅಂದರೆ ಜೊಳ್ಳಿಲ್ಲ, ಒಣಗಿದೆ ಎಂದು. ನಾಲ್ಕು ಕಾಳು ಬಾಯಿಗೆ ಹಾಕಿ ಕಚ್ಚುತ್ತಾರೆ. ಕಟಕ್ ಅಂದರೆ ಗಟ್ಟಿ, ಹಲ್ಲಿಗೆ ಒತ್ತಿಕೊಂಡರೆ ಮೆತ್ತಗೆ, ಅಂದರೆ ಹಸಿ. ಈಗ ‘ಸಾಫ್ಟ್ ವೈಟ್’ ಅನ್ನು ‘ಮೆತ್ತನೆ ಬಿಳಿ ಗೋಧಿ’ ಎಂದು ಅಚ್ಚು ಹಾಕಿದರೆ ಓದಿದವನು ‘ಹಸಿ ಮಾಲು ಮಾರಾಕ ಬಂದಾರ’ ಅನ್ನುತ್ತಾನೆ. ಸಾಫ್ಟ್ ಗೋಧಿಯ ಕಾಳೂ ಒಣಗಿಯೇ ಇರುತ್ತದೆ. ವ್ಯತ್ಯಾಸ ಒಳಗಿನ ತಿರುಳಿನ ಕಟ್ಟುವಿಕೆಯಲ್ಲಿ. ಹಾರ್ಡ್ ಗೋಧಿ ಗಿರಣಿಯ ರೋಲಿನಡಿ ತರಿತರಿಯಾಗಿ ಒಡೆಯುತ್ತದೆ, ಪಿಷ್ಟದ ಕಣಗಳು ಹೆಚ್ಚು ಜಜ್ಜಿಹೋಗುತ್ತವೆ, ಆದ್ದರಿಂದ ಹಿಟ್ಟು ಹೆಚ್ಚು ನೀರು ಹಿಡಿಯುತ್ತದೆ. ಬ್ರೆಡ್ಡಿನವರಿಗೆ ಅದು ಲಾಭ. ಸಾಫ್ಟ್ ಗೋಧಿ ನುಣ್ಣಗೆ ಪುಡಿಯಾಗುತ್ತದೆ, ನೀರು ಕಡಿಮೆ ಹಿಡಿಯುತ್ತದೆ. ಬಿಸ್ಕತ್ತು, ಕೇಕಿಗೆ ಬೇಕಾದದ್ದು ಅದೇ. ನನ್ನ ಮತ: ‘ಹಾರ್ಡ್’, ‘ಸಾಫ್ಟ್’ ಹಾಗೇ ಇರಲಿ, ಮೊದಲ ಸಲ ಬಂದಾಗ ‘ಬ್ರೆಡ್ಡಿನ ಜಾತಿ’, ‘ಬಿಸ್ಕತ್ತಿನ ಜಾತಿ’ ಎಂದು ಬಿಡಿಸಿ ಹೇಳಿ.

‘ಡ್ಯೂರಮ್’ಗೆ ‘ಗಟ್ಟಿ’ ಹಾಕದೆ ಉಳಿದಿದ್ದು ಒಳ್ಳೆಯದಾಯಿತು. ಆ ಲ್ಯಾಟಿನ್ ಮಾತಿನ ಅರ್ಥವೂ ಗಟ್ಟಿಯೇ, ಆದರೆ ಹಾರ್ಡ್ ಗೋಧಿಯೇ ಬೇರೆ, ಡ್ಯೂರಮ್ಮೇ ಬೇರೆ: ಮೊದಲನೆಯದಕ್ಕೆ 42 ವರ್ಣತಂತು, ಎರಡನೆಯದಕ್ಕೆ 28. ‘ಜವೆ’ ಮಾತ್ರ ಬೇಡವೇ ಬೇಡ. ಉತ್ತರ ಕರ್ನಾಟಕದಲ್ಲಿ ಜವೆ ಗೋದಿ ಅಂದರೆ ಸದಕ, ಕಪ್ಲಿ. ಧಾರವಾಡ ಕೃಷಿ ವಿಶ್ವವಿದ್ಯಾಲಯದ ಡಿಡಿಕೆ-1025, ಡಿಡಿಕೆ-1029 ತಳಿಗಳು ಆ ಜಾತಿಯವು. ಒಕ್ಕಿದರೂ ಅದರ ಹೊಟ್ಟು ಬಿಡುವುದಿಲ್ಲ, ಕುಟ್ಟಿಯೇ ಬಿಡಿಸಬೇಕು. ಡ್ಯೂರಮ್ ಒಕ್ಕಿದರೆ ಬರಿ ಕಾಳಾಗಿ ಬೀಳುತ್ತದೆ. ಕರಡು ಓದಿದ ಗಿರಣಿಯವನು ಹೊಟ್ಟು ಬಿಡಿಸುವ ಖರ್ಚು ಲೆಕ್ಕ ಹಾಕುತ್ತಾ ಕೂರಬೇಕಾದೀತು. ‘ಬನ್ಸಿ ರವೆಯ ಗೋಧಿ’ ಅನ್ನಿ, ಅಂಗಡಿಯವನಿಗೂ ತಿಳಿಯುತ್ತದೆ.

‘ಹಿಂಗಾರಿ’ಯೂ ಹಾಗೇ. ನಮ್ಮ ಹಿಂಗಾರಿ ಗೋಧಿ ಅಕ್ಟೋಬರ್–ನವೆಂಬರ್‌ನಲ್ಲಿ ಬಿದ್ದು ಫೆಬ್ರುವರಿ–ಮಾರ್ಚಿಗೆ ಕೈಗೆ ಬರುತ್ತದೆ, ಅದಕ್ಕೆ ಕೊರೆಯುವ ಚಳಿ ಬೇಕಿಲ್ಲ. ಗುಣದಲ್ಲಿ ಅದು ಸ್ಪ್ರಿಂಗ್ ಜಾತಿ. ಕ್ಯಾನ್ಸಸ್ಸಿನ ವಿಂಟರ್ ಗೋಧಿ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಬಿತ್ತಿ, ಹಿಮದ ತಿಂಗಳು ದಾಟಿಸಿ, ಜೂನ್–ಜುಲೈಗೆ ಕೊಯ್ಯುವಂಥದ್ದು. ಆ ಚಳಿ ತಾಗದಿದ್ದರೆ ತೆನೆ ಬಿಡದೆ ಹುಲ್ಲಾಗಿಯೇ ನಿಲ್ಲುತ್ತದೆ. ‘ಹಿಮಗಾಲ ದಾಟುವ ಗೋಧಿ’ ಎಂದರೆ ಕಾಲವೂ ಕಾರಣವೂ ಒಟ್ಟಿಗೆ ಬರುತ್ತವೆ. ‘ಕೆಂಪು’ ಇರಲಿ, ಅದು ಕಾಳಿನ ಮೇಲ್ಸಿಪ್ಪೆಯ ಬಣ್ಣ ಅಷ್ಟೆ.

ಡಾಕೇಜ್‌ಗೆ ‘ಸೂಟು’ ಅಂದರೆ ಜಗಳ ಖಂಡಿತ. ಸೂಟು ಕ್ವಿಂಟಲಿಗೆ ಇಷ್ಟು ಎಂದು ಮಾಲು ನೋಡದೆ ಕಡಿಯುವುದು. ಡಾಕೇಜ್ ಮಾದರಿಯನ್ನು ಯಂತ್ರದಲ್ಲಿ ಗಾಳಿ, ಜರಡಿ ಹಿಡಿದು ಬೇರೆಯಾದದ್ದನ್ನು ತೂಗಿ ಶೇಕಡಾವಾರು ಬರೆಯುವುದು. ಅದು ದರ್ಜೆಗೆ ಲೆಕ್ಕಕ್ಕಿಲ್ಲ. ಜರಡಿ ಹಿಡಿದ ಮೇಲೂ ಕಾಳಿನ ಜೊತೆ ಉಳಿದ ಅನ್ಯವಸ್ತುವೇ ದರ್ಜೆ ಇಳಿಸುವುದು. ಅಮೆರಿಕದ 2ನೇ ದರ್ಜೆಗೆ ಅದರ ಮಿತಿ ಶೇ 0.7. ಎರಡಕ್ಕೂ ‘ಕಸಕಡ್ಡಿ’ ಎಂದುಬಿಟ್ಟರೆ ಕರಾರು ಓದಿದವನು ದಾರಿ ತಪ್ಪುತ್ತಾನೆ. ‘ಜರಡಿ ಕಸ’, ‘ಉಳಿದ ಕಸ’ ಎಂದು ಬೇರ್ಪಡಿಸಿ.

ರಫ್ತಿನ ಕೈಪಿಡಿಯಲ್ಲಿ ‘ಕುಸಿತ’ ಕಂಡರೆ ಎಲ್ಲರೂ ದರ ಬಿತ್ತು ಅಂದುಕೊಳ್ಳುತ್ತಾರೆ. ಇಲ್ಲಿ ಬೀಳುವುದು ಕಲಕುಕಡ್ಡಿ. 7 ಗ್ರಾಂ ಹಿಟ್ಟು, 25 ಮಿ.ಲೀ. ನೀರು ಕೊಳವೆಯಲ್ಲಿ ಕುಲುಕಿ, ಕುದಿನೀರಿನಲ್ಲಿಟ್ಟು ಕಲಕಿ, 60ನೇ ಸೆಕೆಂಡಿಗೆ ಕಡ್ಡಿಯನ್ನು ಮೇಲಿಂದ ಬಿಡುತ್ತಾರೆ. ಅದು ಗಂಜಿಯಲ್ಲಿ ಇಳಿದು ತಳ ಮುಟ್ಟುವವರೆಗಿನ ಒಟ್ಟು ಸೆಕೆಂಡೇ ಆ ನಂಬರ್. ಕೊಯ್ಲಿಗೆ ಮಳೆ ಹಿಡಿದು ಕಾಳು ಮೊಳೆತಿದ್ದರೆ ಪಿಷ್ಟ ಕರಗಿ ಗಂಜಿ ನೀರಾಗುತ್ತದೆ, ಕಡ್ಡಿ ಬೇಗ ಇಳಿಯುತ್ತದೆ. ಬ್ರೆಡ್ಡಿಗೆ ಕೊಳ್ಳುವವರು ಸಾಮಾನ್ಯವಾಗಿ 300 ಕೇಳುತ್ತಾರೆ. 400ರದ್ದು, 200ರದ್ದು ಸಮಸಮ ಬೆರೆಸಿದರೆ 300 ಬರುವುದಿಲ್ಲ, ಅದಕ್ಕಿಂತ ಕೆಳಗೇ ಬರುತ್ತದೆ. ಮೊಳೆತದ್ದು ಸ್ವಲ್ಪವಿದ್ದರೂ ಎಲ್ಲವನ್ನೂ ಎಳೆಯುತ್ತದೆ. ‘ಕಡ್ಡಿ ಇಳಿಯುವ ಸೆಕೆಂಡು’ ಉದ್ದವಾಯಿತು, ಆದರೆ ಸುಳ್ಳಾಡುವುದಿಲ್ಲ.

‘ರಫ್ತು ಉತ್ತೇಜನ’ ಅಂದರೆ ನಮ್ಮವರ ಕಿವಿಗೆ ಸಬ್ಸಿಡಿ ಎಂದೇ ಕೇಳುತ್ತದೆ. 2015ರ ನೈರೋಬಿ ಸಭೆಯಲ್ಲಿ ವಿಶ್ವ ವಾಣಿಜ್ಯ ಸಂಸ್ಥೆ ಕೃಷಿ ರಫ್ತಿನ ಸಬ್ಸಿಡಿ ಕೈಬಿಡಲು ತೀರ್ಮಾನಿಸಿತು. ಈ ಕೈಪಿಡಿ ಹೇಳುವುದು ಸಬ್ಸಿಡಿಯಲ್ಲ, ಗಿರಣಿಯವರಿಗೆ ತರಬೇತಿ, ಹಿಟ್ಟಿನ ಪರೀಕ್ಷೆ, ಟೆಂಡರ್ ಷರತ್ತು ಬರೆಯಲು ನೆರವು. ‘ಗಿರಾಕಿ ಕಟ್ಟುವುದು’ ಎನ್ನಬಾರದೇ?

ಸೇರಿಕೆ (ಗಂಗಾವತಿಯಿಂದ):

ಅಣ್ಣಾವ್ರ ಮಾತಿಗೆ ಎರಡು ಸೇರಿಕೆ. ‘ಜವೆಗೋಧಿ’ಗೆ ನಿಘಂಟಿನಲ್ಲಿ ಬಾರ್ಲಿ ಎಂಬ ಅರ್ಥವೂ ಉಂಟು, ಸಂಸ್ಕೃತದ ‘ಯವ’ದಿಂದ ಬಂದದ್ದು, ಅಲ್ಲಿಗೆ ಆ ಪದ ಪೂರಾ ಕೈಬಿಡುವುದೇ ಸರಿ. ಇನ್ನೊಂದು, ಕರಡಿನಲ್ಲಿ ಭಾರತದ ಪ್ರಸ್ತಾಪ ಬಂದರೆ ‘ನಿಷೇಧ’, ‘ನಿರ್ಬಂಧ’ ಕಲಸಬೇಡಿ. 2022ರ ಮೇ 13ರಂದು ಗೋಧಿ ರಫ್ತು ‘ನಿಷೇಧ’ದ ಪಟ್ಟಿಗೆ ಹೋಯಿತು, ಅಷ್ಟರೊಳಗೆ ಎಲ್‌ಸಿ (ಹಣ ಕೊಡುವ ಬ್ಯಾಂಕಿನ ಖಾತರಿ ಪತ್ರ) ತೆರೆದಿದ್ದ ಮಾಲಿಗೆ ಮತ್ತು ಸರ್ಕಾರದಿಂದ ಸರ್ಕಾರಕ್ಕೆ ಕಳಿಸುವುದಕ್ಕೆ ಮಾತ್ರ ವಿನಾಯಿತಿ. ಸಕ್ಕರೆಗೆ ಅದೇ ವರ್ಷದ ಜೂನ್ 1ರಿಂದ ಬಂದದ್ದು ‘ನಿರ್ಬಂಧ’, ಅಂದರೆ ಅನುಮತಿ ಪಡೆದು ಕಳಿಸಬಹುದು.