ಕೀಮೋ ವಾರ್ಡಿನ ಕೆಲಸ: ತಂಗಿಗೆ ಇರು ಅನ್ಲೋ, ಬಿಡು ಅನ್ಲೋ?

ಹುಬ್ಬಳ್ಳಿ, ಉಣಕಲ್‌ನಿಂದ:
ನನ್ನ ತಂಗಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿ ಇಲ್ಲೇ ಒಂದು ಖಾಸಗಿ ಆಸ್ಪತ್ರಿ ಕೀಮೋ ಡೇಕೇರ್ (ಕ್ಯಾನ್ಸರ್ ಔಷಧ ಹಚ್ಚಿ ಅದ ದಿನ ಮನಿಗೆ ಕಳಿಸೂ ವಾರ್ಡ್) ಸೇರಿ ಎಂಟು ತಿಂಗಳಾತು. ಮನಿಗೆ ಬಂದ್ರ ಮಾತಿಲ್ಲ, ಅರ್ಧಾ ಊಟಕ್ಕ ಎದ್ದು ಹೋಗ್ತಾಳ. ಅವ್ವ "ಆ ಔಷಧದ ಗಾಳಿ ಬಡದೈತಿ, ಬಿಡಸು" ಅಂತಾಳ. ಆಕಿ ನೋಡಿದ್ರ "ಕೆಲಸ ಸೇರತೈತಿ, ಆದ್ರ ನೀಗವಲ್ದು" ಅಂತಾಳ. ಮಾಡಿದವ್ರು, ಅಲ್ಲಿ ಕುಂತು ಬಂದವ್ರು ಹೇಳ್ರಿ.

ನಿವೃತ್ತ ನರ್ಸ್, ಹುಬ್ಬಳ್ಳಿ:
ಇಪ್ಪತ್ತಾರು ವರ್ಷ ಕ್ಯಾನ್ಸರ್ ವಾರ್ಡಿನ್ಯಾಗ ತಗದಾಕಿ ನಾನು. ಅವ್ವಾರ ಹೆದರಿಕಿ ಪೂರಾ ಸುಳ್ಳಲ್ರಿ. ನಾವು ಸೇರಿದಾಗ ಮೂಲ್ಯಾಗಿನ ಮೇಜಿನ ಮ್ಯಾಲ, ಕಿಟಕಿ ತಗದು ಕೀಮೋ ಕಲಸ್ತಿದ್ವಿ. ಅದನ್ನ ಬಯೋಸೇಫ್ಟಿ ಕ್ಯಾಬಿನೆಟ್, ಅಂದ್ರ ಔಷಧದ ಗಾಳಿ ಮಂದಿಗೆ ಬಡೀದಂಗ ತಡಿಯೂ ಪೆಟ್ಟಿಗಿ ಒಳಗ, ಎರಡು ಜೋಡಿ ಗ್ಲೌಸ್, ಗೌನ್ ಹಾಕ್ಕೊಂಡ ಕಲಸಬೇಕು. ಔಷಧ ತಗೊಂಡವ್ರ ಉಚ್ಚಿ, ವಾಂತಿಗೂ 48 ತಾಸು ಬರೀ ಕೈ ಹಚ್ಚಬಾರ್ದು. ಇಷ್ಟೂ ಕೊಡಂಗಿಲ್ಲ ಅಂದ್ರ ಬಿಡಸ್ರಿ, ಯೋಚನಿ ಬ್ಯಾಡ.

ಆದ್ರ ಊಟ ಬಿಡೂದು ಗಾಳಿಗಲ್ಲ ಅನಸ್ತೈತಿ. ಆವಾಗ ನಮ್ಮ ಕೈಯಾಗ ಬೆರಳೆಣಿಕಿ ಔಷಧ ಇದ್ವು. ಕೆಂಪು ಔಷಧ, ಅಂದ್ರ ಡಾಕ್ಸೊರುಬಿಸಿನ್, ನರದ ಹೊರಗ ಸೋರಿದ್ರ ಮಾಂಸ ಸುಡತೈತಿ. ಪ್ಯಾಕ್ಲಿಟ್ಯಾಕ್ಸೆಲ್ ಅನ್ನೂ ಇನ್ನೊಂದು ಕೀಮೋ ಔಷಧ ಹಚ್ಚಿದ ಮೊದಲ ಹತ್ತು ನಿಮಿಷ ಕುರ್ಚಿ ಬಿಟ್ಟು ಸರಿಯಂಗಿಲ್ಲ, ಉಸಿರು ಕಟ್ಟಿದ್ರ ಆವಾಗ್ಲೇ ಕಟ್ಟೂದು. ಅವನ್ನ ಕಾಯೂದು ಗೊತ್ತಿತ್ತು. ಈಗ ಇಮ್ಯುನೋಥೆರಪಿ ಬಂದೈತಿ. ಮೈಯಾಗಿನ ರೋಗನಿರೋಧಕ ಕಣಗಳ ಬ್ರೇಕ್ ತಗಿಯೂ ಈ ದಾರಿ ತೋರ್ಸಿದ್ದಕ್ಕ ಆಲಿಸನ್, ಹೊಂಜೊ ಅನ್ನೂ ಇಬ್ರು ವಿಜ್ಞಾನಿಗಳಿಗೆ 2018ರಾಗ ನೊಬೆಲ್ ಬಂತು. ಭಾಳ ಮಂದಿಗೆ ಕೂದಲಾ ಉದುರಂಗಿಲ್ಲ, ವಾಂತಿ ಕಡಿಮಿ. ಹಿಂಗಾಗಿ ಮ್ಯಾಲಿನವ್ರ ಲೆಕ್ಕಕ್ಕ 'ಹಗುರ ಪೇಷಂಟ್'. ಎರಡು ಮೂರು ತಿಂಗಳಾದ ಮ್ಯಾಲ ಅವ್ರೇ ಬಂದು, "ಸಿಸ್ಟರ್, ಮಿರ್ಚಿ ತಿಂದಿದ್ದೆ, ದಿನಾ ಐದಾರು ಸಲ ಹೊರಕಡಿ ಆಗಾಕತ್ತೈತಿ" ಅಂತಾರ. ಅದು ಮಿರ್ಚಿ ಅಲ್ಲ, ಬ್ರೇಕ್ ತಗದ ಕಣಗಳು ಕರುಳಿಗೇ ತಿರುಗಿರಬಹುದು. ಬರೀ ಭೇದಿ ನಿಲ್ಸೂ ಗುಳಗಿ ಕೊಟ್ಟು ಕಳಿಸಿದ್ರ ಜೀವಕ್ಕ ಬರತೈತಿ. ಆ ಮಾತು ಮೊದಲ ಬೀಳೂದು ನರ್ಸ್ ಕಿವಿಗೆ. ಔಷಧ ಹೆಚ್ಚಾದ್ವು, ಕುರ್ಚಿ ಹೆಚ್ಚಾದ್ವು, ಕೈ ಮಾತ್ರ ಅಷ್ಟೇ. 'ಆ ಡ್ರಿಪ್ ನೋಡಿ ಬಂದ್ನೋ ಇಲ್ಲೋ' ಅಂತ ನನಗೂ ರಾತ್ರಿ ಎರಡಕ್ಕ ಎಚ್ಚರಾಗ್ತಿತ್ತು.

ಪೇಷಂಟ್, ಗದಗ:
ಎದಿ ಕ್ಯಾನ್ಸರಿಗೆ ಮೂರು ವಾರಕ್ಕೊಮ್ಮೆ ಹುಬ್ಬಳ್ಳಿಗೆ ಬಂದು ಹೋದಾಕಿ ನಾ. ಮೊದಲ ಕೀಮೋ, ಆಮ್ಯಾಲ ಒಂದು ವರ್ಷ ಟ್ರಾಸ್ಟುಜುಮ್ಯಾಬ್ ಅನ್ನೂ ಔಷಧ, ಅದು ಹೃದಯಕ್ಕ ತ್ರಾಸ ಕೊಟ್ಟೈತೇನಂತ ನೋಡಾಕ ನಡುನಡುವ ಎಕೋ ಸ್ಕ್ಯಾನ್. ಒಂದಿನ ನರ ಸಿಗಲಿಲ್ಲಂತ ಒಬ್ಬ ನರ್ಸ್ ಹುಡುಗಿ ಮೂರು ಸಲ ಚುಚ್ಚಿದ್ಲು. ನಾ ಎಲ್ಲಾರ ಮುಂದ ಬೈದೆ. ಆ ಹುಡುಗಿ ಏನೂ ಅನ್ನಲಿಲ್ಲ, ಹೋಗೂ ಮುಂದ "ಜ್ವರ 100.4 ಮುಟ್ಟಿದ್ರ ಬೆಳಗಾಗೂ ತನಕ ಕಾಯಬ್ಯಾಡ್ರಿ, ಬಿಳಿ ರಕ್ತಕಣ ಕಡಿಮಿ ಇರ್ತಾವ" ಅಂತ ಚೀಟಿಮ್ಯಾಲ ಬರದು ಕೊಟ್ಲು. ಒಂಬತ್ತನೇ ದಿನ ರಾತ್ರಿ ಜ್ವರ ಬಂತು. ನಮ್ಮವ್ರು ಕಷಾಯ ಕಾಸಾಕ ಹೊಂಟಿದ್ರು, ನಾ ಚೀಟಿ ತೋರ್ಸಿದೆ. ಆಕಿಗೆ ಇನ್ನೂ ತಪ್ಪಾತು ಅಂದಿಲ್ಲ.

ಧಾರವಾಡ, ಹೆಸರು ಬ್ಯಾಡ:
ನನ್ನ ಹೆಂಡತಿ ಇದ ಕೆಲಸ ಎರಡು ವರ್ಷಕ್ಕ ಬಿಟ್ಲು. ಈಗ ನಿದ್ದಿ ಬರ್ತದ. ತಪ್ಪು ಮಾಡಿದ್ಲು ಅಂತ ನನಗನಸೂದಿಲ್ಲ.

ಡ್ಯೂಟಿಯಲ್ಲಿರೋ ನರ್ಸ್, ಹಾವೇರಿ:
ಡೋಸ್ ಲೆಕ್ಕ ಎತ್ತರ, ತೂಕದ ಮ್ಯಾಲ ಹೋಗತೈತಿ. ಇಬ್ರು ನೋಡಿ ಸಹಿ ಮಾಡೂತನಕ ಹಚ್ಚಬಾರ್ದು. ಒಬ್ಬಾಕಿನ್ನೇ ಬಿಟ್ರ ಬಾಯಿಲೆ ಹೇಳಬ್ಯಾಡ, ಬರದು ಕೊಡು ಅನ್ರಿ. ಇನ್ನೊಂದು: ಎಂಟು ತಿಂಗಳು ಅಂದ್ರಿ. ಗುರುತಾದ ಪೇಷಂಟ್ ಯಾರೋ ಹೋಗಿರಬೇಕು. ಕೆಲಸದ ಮಾತು ಬಿಟ್ಟು, ಯಾರು ಅಂತ ಕೇಳ್ರಿ.

ಮತ್ತ ಉಣಕಲ್‌ನಿಂದ:
ಕೇಳಿದ್ನಿರಿ. ನವಲಗುಂದದ ಕಡೆ ಅಜ್ಜಾರು, ಬಂದಾಗೆಲ್ಲಾ ಪೇರಲ ಹಣ್ಣು ತರ್ತಿದ್ರಂತ. ಎರಡು ಸರತಿ ಬಂದಿಲ್ಲಂತ. ಫೋನ್ ನಂಬರ್ ಫೈಲಿನ್ಯಾಗ ಐತಂತ, ಹಚ್ಚಾಕ ಕೈ ಬರವಲ್ದಂತ. ಗ್ಲೌಸೂ ಒಂದ ಜೋಡಿನ ಕೊಡೂದಂತ. ಗ್ಲೌಸಿನ ಅರ್ಜಿ ಇಬ್ರೂ ಕುಂತು ಬರಿಯಾಕತ್ತೀವಿ.