ಸಹಾಯ ಬೇಕು: ಧಾರವಾಡದ ಉದ್ಯಾನಕ್ಕೆ ಕಲ್ಲಿನ ಸೂರ್ಯ ಗಡಿಯಾರ ಮತ್ತು ಕನ್ನಡ ಅಂಕಿಗಳ ಕೆತ್ತನೆ

ಮಾನ್ಯರೇ,

ಧಾರವಾಡದ ನಮ್ಮ ಬಡಾವಣೆಯ ಉದ್ಯಾನದಲ್ಲಿ ಕೈಯಿಂದ ಕೆತ್ತಿದ ಕನ್ನಡ ಅಂಕಿಗಳುಳ್ಳ ಕಲ್ಲಿನ ಸೂರ್ಯ ಗಡಿಯಾರವೊಂದನ್ನು ನಿಲ್ಲಿಸಲು ನಿವಾಸಿಗಳ ಸಂಘ ಒಪ್ಪಿದ್ದು, ಅದರ ವಿನ್ಯಾಸದ ಹೊಣೆಯನ್ನು ನನಗೆ ವಹಿಸಿದೆ.

ಮೊದಲು ಸಮತಲ ಫಲಕವನ್ನು ಯೋಚಿಸಿದ್ದೆ. ಆದರೆ ಸುಮಾರು 15.5 ಡಿಗ್ರಿ ಅಕ್ಷಾಂಶದ ನಮ್ಮೂರಿನಲ್ಲಿ ಶಂಕುವಿನ (ನೆರಳು ಬೀಳಿಸುವ ಕಡ್ಡಿಯ) ಓರೆಯೂ ಅಷ್ಟೇ ಇರಬೇಕಾದ್ದರಿಂದ ಗಂಟೆಯ ಗೆರೆಗಳು ಮಧ್ಯಾಹ್ನದ ಸುತ್ತ ಒತ್ತೊತ್ತಾಗಿ ಬೀಳುತ್ತವೆ: 12ರಿಂದ 1ರವರೆಗೆ ಬರೀ 4 ಡಿಗ್ರಿ, ಸಂಜೆ 5ರಿಂದ 6ರವರೆಗೆ ಸುಮಾರು 45 ಡಿಗ್ರಿ. ಅಷ್ಟು ಇಕ್ಕಟ್ಟಿನಲ್ಲಿ ೧೧, ೧೨ರಂಥ ದುಂಡನೆಯ ಜೋಡಿ ಅಂಕಿಗಳನ್ನು ಓದುವಂತೆ ಕೆತ್ತುವುದು ಕಷ್ಟ. ಜೈಪುರದ ಬೃಹತ್ ಸೂರ್ಯ ಗಡಿಯಾರವಾದ ಸಮ್ರಾಟ್ ಯಂತ್ರದಂತೆ ಭೂಮಧ್ಯರೇಖೆಯ ಸಮತಲಕ್ಕೆ ಸಮಾಂತರವಾದ ಕಮಾನಿನ ಮೇಲೆ ಗುರುತು ಮಾಡಿದರೆ ಪ್ರತಿ ಗಂಟೆಗೂ ಸಮನಾಗಿ 15 ಡಿಗ್ರಿ ದೊರೆಯುತ್ತದೆ. ನನ್ನ ಒಲವು ಅದರ ಕಡೆಗೇ ಇದ್ದರೂ ಬಾಗಿದ ಕಲ್ಲಿನ ಒಳಮೈಯಲ್ಲಿ ಉಳಿ ಹಿಡಿದು ಕೆಲಸ ಮಾಡಬಲ್ಲ ಶಿಲ್ಪಿಗಳು ಬೇಕು.

ಇನ್ನೊಂದು ತೊಡಕು ಸಮಯದ್ದು. ಭಾರತೀಯ ಕಾಲಮಾನದ 82.5 ಡಿಗ್ರಿ ರೇಖಾಂಶಕ್ಕಿಂತ ಧಾರವಾಡ 7.5 ಡಿಗ್ರಿ ಪಶ್ಚಿಮಕ್ಕಿರುವುದರಿಂದ ನೆರಳು ಅರ್ಧ ಗಂಟೆ ಹಿಂದುಳಿಯುತ್ತದೆ. ಋತುವಿನ ಏರಿಳಿತವೂ ಸೇರಿದರೆ ಈ ಅಂತರ ನವೆಂಬರ್ ಆರಂಭದಲ್ಲಿ ಸುಮಾರು 14 ನಿಮಿಷ, ಫೆಬ್ರುವರಿಯಲ್ಲಿ 44 ನಿಮಿಷ. ವಿವರಣೆಯಿಲ್ಲದಿದ್ದರೆ ಗಡಿಯಾರ ಕೆಟ್ಟಿದೆಯೆಂದು ಜನ ಹೇಳುವುದು ಖಂಡಿತ. ಅರ್ಧ ಗಂಟೆಯನ್ನು ಗೆರೆಗಳಲ್ಲೇ ಸರಿದೂಗಿಸಿ, ಉಳಿದದ್ದಕ್ಕೆ ತಿಂಗಳವಾರು ಪಟ್ಟಿಯನ್ನು ಪಕ್ಕದಲ್ಲಿ ಕೆತ್ತಿಸುವ ವಿಚಾರವಿದೆ.

ಮಳೆಗೆ ಮೈಯೊಡ್ಡುವ ಗ್ರಾನೈಟಿನಲ್ಲಿ ಪಟ್ಟಿಯ ಸಣ್ಣ ಅಕ್ಷರಗಳು, ಅದರಲ್ಲೂ ಒತ್ತಕ್ಷರಗಳು, ಅಂಚು ಸಿಡಿಯದೆ ಉಳಿಯಬೇಕಾದರೆ ಕನಿಷ್ಠ ಎಷ್ಟು ಎತ್ತರ ಮತ್ತು ಆಳ ಇರಬೇಕು? ಬಳಪದ ಕಲ್ಲು ಕೆತ್ತಲು ಸುಲಭವಾದರೂ ಮಕ್ಕಳು ಹತ್ತಿಳಿಯುವ ಜಾಗದಲ್ಲಿ ಅದು ಬಾಳೀತೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕೆಂದು ಕೋರುತ್ತೇನೆ.