ಪೆಟ್ರೋಲ್ ಹೆಲಿಕಾಪ್ಟರ್‌ಗೆ ಕೈ ಹಾಕಲಾ? ಹಾರಿಸಿದವರು ಹೇಳಿ

ಕೇಳಿದವರು: ವಿಜಯಪುರ, ಬ್ಯಾಂಕ್ ನೌಕರಿ

ಎಲ್ಲರಿಗೂ ನಮಸ್ಕಾರ. ಎರಡು ವರ್ಷದಿಂದ ಬ್ಯಾಟರಿಯ ರಿಮೋಟ್ ಹೆಲಿಕಾಪ್ಟರ್ ಹಾರಿಸುತ್ತಿದ್ದೇನೆ. 450 ಸೈಜಿನ ಸಣ್ಣದು. ಒಂದೇ ಜಾಗದಲ್ಲಿ ನಿಲ್ಲಿಸುವುದು ಬರುತ್ತದೆ, ನಿಧಾನಕ್ಕೆ ಎಂಟರ ಆಕಾರದಲ್ಲಿ ಸುತ್ತಿಸುವುದೂ ಬರುತ್ತದೆ. ಮೂತಿ ನನ್ನ ಕಡೆ ತಿರುಗಿ ಎಡ ಬಲ ಅದಲುಬದಲಾದರೆ ಮಾತ್ರ ಈಗಲೂ ಬೆವರುತ್ತೇನೆ.

ನನ್ನ ತಕರಾರು ಒಂದೇ. ಊರ ಹೊರಗೆ ಹನ್ನೆರಡು ಕಿಲೋಮೀಟರ್ ಬೈಕ್ ಓಡಿಸಿಕೊಂಡು ಹೋಗುತ್ತೇನೆ. ಇರುವುದು ಮೂರು ಬ್ಯಾಟರಿ, ಒಂದೊಂದೂ ಐದು ನಿಮಿಷ. ಹದಿನೈದು ನಿಮಿಷ ಹಾರಿಸಿ ವಾಪಸ್ ಬರುತ್ತೇನೆ. ಹೋಗಿ ಬರುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ಹಿಡಿಯುತ್ತದೆ.

ಪುಣೆಯ ಪರಿಚಯದವರೊಬ್ಬರು 23 ಸಿಸಿ ಪೆಟ್ರೋಲ್ ಎಂಜಿನ್ನಿನ ಹಳೆಯ ಹೆಲಿಕಾಪ್ಟರ್ ಕೊಡುತ್ತೇನೆ ಎನ್ನುತ್ತಿದ್ದಾರೆ. ತಗೊಳ್ಳಲಾ? ನಮ್ಮ ಬಿಸಿಲಿಗೆ ತಾಳುತ್ತದಾ? ಕೆಟ್ಟರೆ ಈ ಕಡೆ ಯಾರು ನೋಡುತ್ತಾರೆ? ಮುಖ್ಯವಾಗಿ, ಅಷ್ಟೆಲ್ಲ ಒದ್ದಾಡಿದ್ದಕ್ಕೆ ತಕ್ಕ ಖುಷಿ ಸಿಗುತ್ತದಾ? ಮನೆಯವಳು "ಮನೆಯಲ್ಲಿ ಒಂದು ಹಳೇ ಸ್ಕೂಟರ್ ನಿಂತಿದೆ, ಅದೂ ಸಾಲಲಿಲ್ವಾ" ಅಂದಳು.

ಬೆಳಗಾವಿ, ಉದ್ಯಮಬಾಗ, ಲೇತ್ ಕೆಲಸ

ಸರ್, ಮೊದಲು ಖುಷಿಯ ಮಾತು ಮುಗಿಸುತ್ತೇನೆ. ರಿಪೇರಿ ಮಾತು ಹೇಗೂ ಮುಗಿಯುವುದಲ್ಲ.

ಹಾರಿಸಲು ನಿಂತಾಗ ಮೊದಲ ನಾಲ್ಕೈದು ನಿಮಿಷ ಯಾರದ್ದಾದರೂ ಕೈ ಬಿಗಿಯೇ. ಹೆಬ್ಬೆರಳು ಸೆಟೆದಿರುತ್ತದೆ, ಭುಜ ಕಿವಿಯ ಹತ್ತಿರಕ್ಕೆ ಏರಿರುತ್ತದೆ. ಬ್ಯಾಟರಿಯದ್ದಾದರೆ ಅಷ್ಟರಲ್ಲಿ ಟೈಮರ್ ಕೂಗುತ್ತದೆ, ಇಳಿಸಬೇಕು. ಅಂದರೆ ನೀವು ಎರಡು ವರ್ಷದಿಂದ ಬರೀ ಬಿಗಿ ಕೈಯಲ್ಲೇ ಹಾರಿಸಿದ್ದೀರಿ. ಪೆಟ್ರೋಲಿನದ್ದು ಅಷ್ಟು ಹೊತ್ತಿಗೆ ಟ್ಯಾಂಕಿನ ಕಾಲು ಭಾಗ ಕುಡಿದಿರುತ್ತದೆ ಅಷ್ಟೇ. ನನ್ನ ಲೆಕ್ಕದಲ್ಲಿ ಏಳನೆಯ ನಿಮಿಷಕ್ಕೆ ಭುಜ ತಾನಾಗಿ ಇಳಿಯುತ್ತದೆ. ಆಮೇಲೆ ನೋಡಿ, ಬೆರಳು ಏನು ಮಾಡುತ್ತಿದೆ ಅನ್ನುವುದು ಮರೆತು ಹೋಗುತ್ತದೆ. ಹೆಲಿಕಾಪ್ಟರ್ ಒಂದೇ ಕಾಣುತ್ತದೆ. ನನ್ನದು ಹತ್ತಿರ ಹತ್ತಿರ ಅರ್ಧ ಲೀಟರ್ ಟ್ಯಾಂಕ್, ಆರಾಮಾಗಿ ಇಪ್ಪತ್ತು ನಿಮಿಷ ಬರುತ್ತದೆ. ಮುಗಿದರೆ ಮತ್ತೆ ಸುರಿದು ಎಳೆದು ಚಾಲೂ ಮಾಡುವುದು. ಚಾರ್ಜರ್ ಬೇಡ, ಜನರೇಟರ್ ಬೇಡ.

ಇನ್ನೊಂದು, ಸದ್ದು. ಬ್ಯಾಟರಿಯದ್ದು ಗುಂಯ್ ಅನ್ನುವ ಒಂದೇ ಸುರ. ಇದು ಮಾತಾಡುತ್ತದೆ. ಬ್ಲೇಡಿನ ಪಿಚ್, ಅಂದರೆ ಓರೆ, ಏರಿಸಿದರೆ ಹೊರೆ ಹೊತ್ತವರಂತೆ ದನಿ ದಪ್ಪ ಆಗುತ್ತದೆ, ಇಳಿಸಿದರೆ ಟರ್‌ಟರ್ ಅಂತ ಹಗುರಾಗುತ್ತದೆ. ರೋಟರ್ ನಿಮಿಷಕ್ಕೆ 1,500 ಸುತ್ತಿನಲ್ಲಿ ಇಟ್ಟರೆ ಬ್ಲೇಡ್ ಗಾಳಿಗೆ ಬಡಿಯುವ ಫಟ್ ಫಟ್ ಬೇರೆಯಾಗಿ ಕೇಳುತ್ತದೆ. ಆರ್‌ಎಕ್ಸ್ 100 ಓಡಿಸಿದವರಿಗೆ ಆ ಹೊಗೆಯ ವಾಸನೆ ಬಗ್ಗೆ ನಾನು ಹೇಳಬೇಕಾಗಿಲ್ಲ.

ಆದರೆ ಉಲ್ಟಾ ಹಾರಿಸಿ ಗಿರಗಿರ ಆಡಿಸುವ ಆಸೆ ಇದ್ದರೆ ಇದು ಬೇಡ. ಐದಾರು ಕಿಲೋ ತೂಕ. ಮಾಡುವವರಿದ್ದಾರೆ, ನಾನು ಮಾಡಿಲ್ಲ. ಇದು ದೊಡ್ಡ ದೊಡ್ಡ ಸುತ್ತು ಹಾಕಿ, ನಿಧಾನಕ್ಕೆ ತಂದು ಕಾಲ ಮುಂದೆ ಇಳಿಸುವವರ ಗಾಡಿ. ನೈಟ್ರೋ ಎಂಜಿನ್ನಿನದ್ದೂ ಒಂದು ಕಾಲದಲ್ಲಿ ಹಾರಿಸಿದೆ. ಅದು ಮೆಥನಾಲ್ ಮತ್ತು ನೈಟ್ರೋಮೀಥೇನ್ ಬೆರೆಸಿದ ಇಂಧನ, ದೂರದಿಂದ ತರಿಸಬೇಕು. ಅಷ್ಟೇ ಟ್ಯಾಂಕಿಗೆ ಎಂಟು ಹತ್ತು ನಿಮಿಷ. ಬಿಟ್ಟೆ.

ಹಳೆಯದು ತಗೊಳ್ಳುವ ಮುಂಚೆ ಒಂದು ಪರೀಕ್ಷೆ ಮಾಡಿ. ಕೂಲಿಂಗ್ ಫ್ಯಾನ್ ಮೇಲೆ ಓಲಾಟ ಅಳೆಯುವ ಡಯಲ್ ಗೇಜ್ ಇಟ್ಟು ಕೈಯಲ್ಲಿ ತಿರುಗಿಸಿ. 0.05 ಮಿ.ಮೀ.ಗಿಂತ ಜಾಸ್ತಿ ಓಲಾಡಿದರೆ ಸರಿ ಮಾಡದೆ ಹಾರಿಸಬೇಡಿ. ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗುವಾಗ ಆ ಸಣ್ಣ ಓಲಾಟವೇ ಇಡೀ ಗಾಡಿಯನ್ನು ನಡುಗಿಸುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲ್ ನೊರೆ ಬರುತ್ತದೆ, ಸ್ಕ್ರೂ ಒಂದೊಂದಾಗಿ ಬಿಚ್ಚಿಕೊಳ್ಳುತ್ತವೆ. ಲೋಹಕ್ಕೆ ಲೋಹ ಸೇರುವ ಪ್ರತಿ ಸ್ಕ್ರೂಗೂ ಸಡಿಲಾಗದಂತೆ ಹಿಡಿಯುವ ಅಂಟು, ನೀಲಿ ಲಾಕ್‌ಟೈಟ್ ಹಾಕಿ. ಗೇಜ್ ಇಲ್ಲದಿದ್ದರೆ ನನ್ನ ಅಂಗಡಿಗೆ ತನ್ನಿ.

ಬಾಗಲಕೋಟೆ, ನವನಗರ, ಕೃಷಿ ಯಂತ್ರ ರಿಪೇರಿ

"ಯಾರು ನೋಡುತ್ತಾರೆ" ಅಂದಿರಲ್ಲ ಸರ್, ಕಳೆ ಕೊಚ್ಚುವ ಮಷಿನ್ ರಿಪೇರಿ ಮಾಡುವವರು ಯಾರಾದರೂ ನೋಡುತ್ತಾರೆ. ಈ ಹೆಲಿಕಾಪ್ಟರ್‌ಗಳಲ್ಲಿ ಜಾಸ್ತಿ ಕಾಣುವುದು ಜಪಾನಿನ ಜೆನೋವಾ ಎಂಜಿನ್. ಅದು ಕಳೆ ಮಷಿನ್ ವಂಶದ್ದೇ. ಕಾರ್ಬುರೇಟರ್ ವಾಲ್‌ಬ್ರೋ, ಒಳಗೆ ತೆಳ್ಳನೆ ಪರದೆ ಇರುತ್ತದೆ. ಅದೇ ಪೆಟ್ರೋಲ್ ಎಳೆದುಕೊಳ್ಳುತ್ತದೆ. ಪೆಟ್ರೋಲ್ ಎಷ್ಟು ಹೋಗಬೇಕು ಅಂತ ಕೂರಿಸಲು ಎರಡು ಸೂಜಿ ಸ್ಕ್ರೂ, ಒಂದು ಕಡಿಮೆ ವೇಗಕ್ಕೆ, ಇನ್ನೊಂದು ಜಾಸ್ತಿ ವೇಗಕ್ಕೆ. ನನ್ನ ಅಂಗಡಿಗೆ ವಾರಕ್ಕೆ ಐದಾರು ಇಂಥ ಕಾರ್ಬುರೇಟರ್ ಬರುತ್ತವೆ. ಅವು ಹಾರುವುದಿಲ್ಲ, ಅಷ್ಟೇ ವ್ಯತ್ಯಾಸ.

ಬಿಸಿಲಿನದ್ದು ನನ್ನ ಸ್ವಂತ ಅನುಭವ, ಮಾನ ಹೋದರೂ ಹೇಳುತ್ತೇನೆ. ಏಪ್ರಿಲ್ ತಿಂಗಳು, ಮಧ್ಯಾಹ್ನ, 40 ಡಿಗ್ರಿ ದಾಟಿತ್ತು. ತಮ್ಮನ ಮಕ್ಕಳು ಬಂದಿದ್ದರು, ತೋರಿಸುವ ಹುಕಿ. ಚಳಿಗಾಲದಲ್ಲಿ ಕೂರಿಸಿದ ಸೂಜಿಯನ್ನು ಮುಟ್ಟಿರಲಿಲ್ಲ. ಅಷ್ಟರಲ್ಲಿ ಪಂಪಿನ ಪೆಟ್ರೋಲಿನಲ್ಲಿ ಎಥೆನಾಲ್ 20 ಪರ್ಸೆಂಟ್ ಆಗಿತ್ತು. ಎಥೆನಾಲ್ ಜಾಸ್ತಿ ಆದರೆ ಅದೇ ಸೂಜಿಯಲ್ಲಿ ಎಂಜಿನ್‌ಗೆ ಇಂಧನ ಸಾಲುವುದಿಲ್ಲ, ಬಿಸಿ ಏರುತ್ತದೆ. ಅದರ ಜೊತೆಗೆ ಗಾಳಿಯಲ್ಲಿ ಒಂದೇ ಜಾಗದಲ್ಲಿ ನಿಂತಾಗ ಎದುರು ಗಾಳಿ ಇಲ್ಲ, ತಂಪು ಮಾಡಲು ಫ್ಯಾನ್ ಒಂದೇ ಗತಿ. ಫ್ಯಾನ್ ಮುಚ್ಚಳದೊಳಗೆ ಜೋಳದ ರವದಿ ಸಿಕ್ಕಿಕೊಂಡಿದ್ದು ಆಮೇಲೆ ಕಂಡಿತು. ಎಂಟನೇ ನಿಮಿಷಕ್ಕೆ ದನಿ ಸಣ್ಣಗಾಯಿತು. ಆಗಲೇ ಇಳಿಸಬೇಕಿತ್ತು, ಇಳಿಸಲಿಲ್ಲ. ಪಿಸ್ಟನ್ ಹಿಡಿದುಕೊಂಡಿತು. ಇಪ್ಪತ್ತು ಅಡಿಯಿಂದ ಧೊಪ್ ಅಂತ ಬಿತ್ತು. ಬಾಲದ ಕೊಳವೆ, ಎರಡೂ ಬ್ಲೇಡ್, ಮುಖ್ಯ ಶಾಫ್ಟ್ ಹೋದವು. ಮಕ್ಕಳಿಗೆ ಮಾತ್ರ ಅದೇ ಭಾಳ ಮಜಾ ಅನ್ನಿಸಿತು.

ತಮಾಷೆ ಅಂದರೆ ಆ ಎಥೆನಾಲ್ ನಮ್ಮ ಸಕ್ಕರೆ ಕಾರ್ಖಾನೆಗಳಲ್ಲೇ ತಯಾರಾಗುವಂಥದ್ದು. ನಮ್ಮ ಕಬ್ಬೇ ನನ್ನ ಪಿಸ್ಟನ್ ತಿಂದಿತೋ ಏನೋ!

ಈಗ ನಾನು ಮಾಡುವುದು ಇಷ್ಟು. ಬೇಸಿಗೆಯಲ್ಲಿ ಲೀಟರ್‌ಗೆ 40 ಮಿಲಿ ಒಳ್ಳೆಯ ಟೂ-ಸ್ಟ್ರೋಕ್ ಆಯಿಲ್, ಚಳಿಗಾಲದಲ್ಲಿ 31. ಸೂಜಿಯನ್ನು ಸ್ವಲ್ಪ ತೆರೆದೇ ಇಡುತ್ತೇನೆ, ಹೊಗೆ ಕಾಣಲಿ. ಹಾರಾಟ ಮುಗಿದ ಮೇಲೆ ಟ್ಯಾಂಕ್ ಖಾಲಿ ಮಾಡಿ, ಕಾರ್ಬುರೇಟರ್ ಒಣಗುವವರೆಗೆ ಎಂಜಿನ್ ಓಡಿಸಿ ನಿಲ್ಲಿಸುತ್ತೇನೆ. ಎಥೆನಾಲ್ ನೀರು ಹೀರುತ್ತದೆ, ಒಳಗಿನ ಪರದೆ ಗಟ್ಟಿಯಾಗುತ್ತದೆ. ಪೈಪ್ ಟೈಗಾನ್ ಹಾಕಿ, ಹಳದಿ ಬಣ್ಣದ್ದು. ನೈಟ್ರೋದವರು ಹಾಕುವ ಸಿಲಿಕಾನ್ ಪೈಪ್ ಪೆಟ್ರೋಲಿಗೆ ಉಬ್ಬಿ ಜಾರಿ ಬರುತ್ತದೆ.

ಬೆಳಗಾವಿ, ಎಂಜಿನಿಯರಿಂಗ್ ವಿದ್ಯಾರ್ಥಿ

ನಾನು ಬೇಡ ಅನ್ನುವ ಕಡೆ, ಸರ್. ಸುಮ್ನೆ ಇನ್ನೂ ಮೂರು ಬ್ಯಾಟರಿ ತಗೊಳ್ಳಿ. ನಾನು ಪೆಟ್ರೋಲ್ ಒಂದು ವರ್ಷ ಇಟ್ಟುಕೊಂಡಿದ್ದೆ. ನಡುಕಕ್ಕೆ ಬಾಲವನ್ನು ನೆಟ್ಟಗಿಡುವ ಗೈರೋ ತಲೆ ಕೆಟ್ಟು ಬಾಲ ತಾನೇ ತಿರುಗುತ್ತಿತ್ತು. ಒಮ್ಮೆ ಸ್ಪಾರ್ಕ್ ಪ್ಲಗ್ಗಿನ ವಿದ್ಯುತ್ ಗದ್ದಲಕ್ಕೆ ಸರ್ವೋ (ಬ್ಲೇಡಿನ ಓರೆ ಬದಲಿಸುವ ಪುಟ್ಟ ಮೋಟರ್) ಕುಣಿಯಿತು. ಪ್ಲಗ್ ನಂಬರಿನಲ್ಲಿ 'ಆರ್' ಅಕ್ಷರ ಇರುವ ರೆಸಿಸ್ಟರ್ ಪ್ಲಗ್ ಹಾಕಬೇಕು, ರಿಮೋಟಿನ ಸಂಕೇತ ಹಿಡಿಯುವ ರಿಸೀವರ್ ಎಂಜಿನ್ನಿಂದ ಆದಷ್ಟು ದೂರ ಇಡಬೇಕು ಅಂತ ಆಮೇಲೆ ಗೊತ್ತಾಯಿತು. ಹಾರಿಸಿದ್ದಕ್ಕಿಂತ ಬಿಚ್ಚಿದ್ದೇ ಜಾಸ್ತಿ. ಬಿಚ್ಚುವುದೇ ಖುಷಿ ಅನ್ನುವವರಿಗೆ ಸರಿ, ಮೇಲಿನ ಇಬ್ಬರು ಕಾಕಾಗಳಿಗೆ ಅದೇ ಉದ್ಯೋಗ!

ಜಮಖಂಡಿ, ಶಾಲೆ ಶಿಕ್ಷಕಿ

ತಮ್ಮಾ, ನನಗೆ ಬಿಚ್ಚುವುದು ಉದ್ಯೋಗ ಅಲ್ಲ. ಆದರೂ ಆರು ವರ್ಷದಿಂದ ಪೆಟ್ರೋಲಿನದ್ದೇ ಹಾರಿಸುತ್ತಿದ್ದೇನೆ. ಯಜಮಾನರು ತಂದಿದ್ದು, ಅವರಿಗೆ ಬೇಜಾರಾಯಿತು, ನನಗೆ ಅಂಟಿಕೊಂಡಿತು.

ವಿಜಯಪುರದ ಸರ್‌ಗೆ ಹೇಳಬೇಕಾದದ್ದು ನೆಲದ ವಿಷಯ. ನಮ್ಮ ಎರಿ ಹೊಲ ಬೇಸಿಗೆಯಲ್ಲಿ ಬಾಯಿ ಬಿಟ್ಟಿರುತ್ತದೆ. ಬಿರುಕಿನಲ್ಲಿ ಸ್ಕಿಡ್‌ನ (ಹೆಲಿಕಾಪ್ಟರ್ ನಿಲ್ಲುವ ಕಾಲಿನ) ತುದಿ ಸಿಕ್ಕಿ, ನಾನು ಏರಿಸಿದ ತಕ್ಷಣ ಒಂದು ಕಡೆಗೆ ಮಗುಚಿಬಿಟ್ಟಿತು. ಜೋಳದ ಕೂಳೆಯೂ ಅಷ್ಟೇ ಅಪಾಯ. ಇದಕ್ಕೆ ಉಪಾಯ ಅಂತ ತಾಡಪತ್ರಿ ಹಾಸಿದೆ. ರೋಟರಿನ ಗಾಳಿಗೆ ತಾಡಪತ್ರಿಯ ಒಂದು ಮೂಲೆ ಎದ್ದು ಬ್ಲೇಡಿನ ಕಡೆ ಬಂತು ನೋಡಿ, ಎದೆ ಒಡೆದಂತಾಯಿತು. ಈಗ ಒಂದು ಪ್ಲೈವುಡ್ ಹಲಗೆ, ನಾಲ್ಕು ಮೂಲೆಗೆ ಗೂಟ. ಮಡ್ಡಿ ನೆಲ ಸಿಕ್ಕರೆ ಅದೂ ಬೇಡ.

ಗಾಳಿ ಏಳುವ ಮುಂಚೆ ಮುಗಿಸಿ. ಬೆಳಗ್ಗೆ ಆರರಿಂದ ಎಂಟು ನಮ್ಮ ಹೊತ್ತು. ಆಷಾಢದಲ್ಲಿ ಮೂಟೆ ಕಟ್ಟಿ ಅಟ್ಟಕ್ಕೆ ಹಾಕಿ. ಸುತ್ತ ಎತ್ತು ಎಮ್ಮೆ ಇವೆಯಾ ನೋಡಿಕೊಳ್ಳಿ. ಪಕ್ಕದ ಹೊಲದವರ ಎತ್ತು ಗೂಟ ಕಿತ್ತುಕೊಂಡು ಓಡಿ, ನಾನು ಅವರ ಮನೆಗೆ ಹೋಗಿ ಕೈ ಮುಗಿದು ಬಂದಿದ್ದೇನೆ. ಮಕ್ಕಳು ಬಂದೇ ಬರುತ್ತಾರೆ. ಹಗ್ಗ ಕಟ್ಟಿ ಹಿಂದೆ ಕೂರಿಸಿ, ಒಬ್ಬ ದೊಡ್ಡ ಹುಡುಗನನ್ನು ಕಾವಲಿಗೆ ಇಡಿ.

ಮೂತಿ ತಿರುಗಿದಾಗ ಬೆವರುವುದಕ್ಕೆ ಮದ್ದು ಕಂಪ್ಯೂಟರಿನ ಸಿಮ್ಯುಲೇಟರ್. ದಿನಾ ಇಪ್ಪತ್ತು ನಿಮಿಷ, ಮೂರು ತಿಂಗಳು. ಅಲ್ಲಿ ಬಿದ್ದರೆ ಒಂದು ಬಟನ್ ಒತ್ತಿದರೆ ಮುಗಿಯಿತು.

ಇನ್ನು ನನಗೆ ಎಲ್ಲಕ್ಕಿಂತ ಇಷ್ಟ ಆಟೋರೊಟೇಶನ್. ಎಂಜಿನ್ ನಿಂತರೆ ಕಲ್ಲಿನಂತೆ ಬೀಳುತ್ತದೆ ಅಂತ ಜನ ತಿಳಿದಿದ್ದಾರೆ. ಇಲ್ಲ. ತಕ್ಷಣ ಪಿಚ್ ಕೆಳಗೆ ಎಳೆದರೆ, ಇಳಿಯುವಾಗ ಕೆಳಗಿಂದ ಬರುವ ಗಾಳಿಯೇ ರೋಟರನ್ನು ತಿರುಗಿಸುತ್ತಾ ಇರುತ್ತದೆ. ನೆಲ ಹತ್ತಿರ ಬಂದಾಗ ಮೂತಿ ಸ್ವಲ್ಪ ಎತ್ತಿ ಓಟ ತಗ್ಗಿಸಿ, ಕಡೆಗೆ ಆ ತಿರುಗುವ ಬಲವನ್ನೆಲ್ಲ ಒಮ್ಮೆಗೇ ಖರ್ಚು ಮಾಡಿ ಇಳಿಸುವುದು. ಒಂದೇ ಅವಕಾಶ. ಬಾಗಲಕೋಟೆ ಅಣ್ಣನಿಗೆ ಇಪ್ಪತ್ತು ಅಡಿ ಸಾಲಲಿಲ್ಲ, ಎತ್ತರ ಇದ್ದಿದ್ದರೆ ಉಳಿಯುತ್ತಿತ್ತು. ನಾನು ವಾರಕ್ಕೊಮ್ಮೆ ಬೇಕಂತಲೇ ಮಾಡುತ್ತೇನೆ. ಇಪ್ಪತ್ತು ನಿಮಿಷ ಎಂಜಿನ್ ಸದ್ದು ಕೇಳಿದ ಕಿವಿಗೆ ಆ ಬ್ಲೇಡಿನ ಸುಯ್ ಒಂದೇ ಕೇಳುತ್ತದಲ್ಲ, ಆಗ ಹಗ್ಗದ ಹಿಂದಿನ ಮಕ್ಕಳೂ ಉಸಿರು ಬಿಗಿ ಹಿಡಿಯುತ್ತಾರೆ.

ಬೆಳಗಾವಿ, ಉದ್ಯಮಬಾಗ (ಮತ್ತೆ)

ಅಕ್ಕೋರು ಮಕ್ಕಳ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಇದು ಆಟದ ಸಾಮಾನಲ್ಲ. ರೋಟರಿನ ಅಗಲ 1.58 ಮೀಟರ್ ಅಂತ ಹಿಡಿಯಿರಿ. 1,500 ಸುತ್ತಿನಲ್ಲಿ ಬ್ಲೇಡಿನ ತುದಿ ಗಂಟೆಗೆ 440 ಕಿ.ಮೀ. ಮೀರಿ ಓಡುತ್ತದೆ. 2013ರಲ್ಲಿ ನ್ಯೂಯಾರ್ಕ್‌ನ ಪಾರ್ಕ್ ಒಂದರಲ್ಲಿ 19 ವರ್ಷದ ಹುಡುಗ ತನ್ನದೇ ಹೆಲಿಕಾಪ್ಟರ್ ತಲೆಗೆ ಬಡಿದು ತೀರಿಕೊಂಡ. ಅದು ಹೊಸಬನ ಕೈಯೇನಲ್ಲ, ಪಳಗಿದ ಕೈ. ಎಂಜಿನ್ ಚಾಲೂ ಮಾಡುವಾಗ ಒಂದು ಕೈ ರೋಟರ್ ತಲೆಯನ್ನು ಗಟ್ಟಿ ಹಿಡಿದಿರಲಿ, ಎಂಜಿನ್ ವೇಗ ಏರದಂತೆ ತಡೆಯುವ ಥ್ರಾಟಲ್ ಹೋಲ್ಡ್ ಸ್ವಿಚ್ ಹಾಕಿರಲಿ. ಸ್ವಿಚ್ ತೆಗೆಯುವುದು ದೂರ ಹೋಗಿ ನಿಂತ ಮೇಲೆ. ನಾನು ಇಪ್ಪತ್ತು ಹೆಜ್ಜೆ ಎಣಿಸಿಯೇ ನಿಲ್ಲುತ್ತೇನೆ.

ಕಾನೂನಿನ ಮಾತು ಚುಟುಕಾಗಿ. 2021ರ ಡ್ರೋನ್ ನಿಯಮ ನಮಗೂ ತಗಲುತ್ತದೆ. ಹವ್ಯಾಸಕ್ಕೆ, ಕಣ್ಣಿಗೆ ಕಾಣುವ ದೂರದಲ್ಲಿ ಹಾರಿಸುವ, 25 ಕಿಲೋ ಒಳಗಿನ ಮಾದರಿಗಳಿಗೆ ಟೈಪ್ ಸರ್ಟಿಫಿಕೇಟ್ (ಆ ವಿನ್ಯಾಸ ಸರಿ ಇದೆ ಅನ್ನುವ ಸರ್ಕಾರಿ ಪ್ರಮಾಣಪತ್ರ) ಬೇಡ. ಆದರೆ ಜಾಗದ ನಿರ್ಬಂಧ ಇದೆ. ವಿಮಾನ ನಿಲ್ದಾಣದ ಎಲ್ಲೆಯಿಂದ 8 ಕಿ.ಮೀ. ಒಳಗೆ ಅನುಮತಿ ಇಲ್ಲದೆ ಇಲ್ಲ. 8ರಿಂದ 12 ಕಿ.ಮೀ. ನಡುವೆ 200 ಅಡಿವರೆಗೆ, ಅದರಾಚೆ ಹಸಿರು ವಲಯದಲ್ಲಿ, ಅಂದರೆ ಅನುಮತಿ ಕೇಳಬೇಕಿಲ್ಲದ ಜಾಗದಲ್ಲಿ, 400 ಅಡಿವರೆಗೆ. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕ್ಷೆಯಲ್ಲಿ ನಿಮ್ಮ ಹೊಲ ಯಾವ ಬಣ್ಣ ಅಂತ ಹೋಗುವ ಮುಂಚೆ ನೋಡಿ. ನಮಗೆ ಸಾಂಬ್ರಾ ನಿಲ್ದಾಣವೂ ಇದೆ, ಮಿಲಿಟರಿ ಜಾಗಗಳೂ ಇವೆ, ಹಾಗಾಗಿ ನಾನು ಊರಿಂದ ಬಹಳ ದೂರ ಹೋಗುತ್ತೇನೆ. ನೀವು ಬುರಣಾಪುರದ ಹೊಸ ನಿಲ್ದಾಣದ ಕಡೆ ಬೇಡ. ಗೋಳಗುಮ್ಮಟದ ಸುತ್ತ ಅಂತೂ ಯೋಚನೆಯೂ ಬೇಡ.

ವಿಜಯಪುರ, ಬ್ಯಾಂಕ್ ನೌಕರಿ

ಎಲ್ಲರಿಗೂ ಧನ್ಯವಾದ. ಬಿಗಿ ಕೈ ಅಂದಿದ್ದು ನೆನಪಿಟ್ಟುಕೊಂಡು ನಿನ್ನೆ ಬ್ಯಾಟರಿಯದ್ದನ್ನು ಹಾರಿಸುವಾಗ ಗಮನಿಸಿದೆ. ಟೈಮರ್ ಕೂಗಿದಾಗ ನನ್ನ ಭುಜ ನಿಜವಾಗಿಯೂ ಕಿವಿಯ ಹತ್ತಿರವೇ ಇತ್ತು. ತಗೊಳ್ಳುವ ಮುಂಚೆ ಒಮ್ಮೆ ಏಳನೆಯ ನಿಮಿಷ ನೋಡಬೇಕು ಅನ್ನಿಸಿದೆ. ಅಕ್ಕೋರೆ, ಜಮಖಂಡಿ ನಮಗೆ ಹತ್ತಿರ. ಒಂದು ಭಾನುವಾರ ಬರಬಹುದಾ?

ಜಮಖಂಡಿ, ಶಾಲೆ ಶಿಕ್ಷಕಿ

ಬನ್ನಿ ಸರ್. ಬರುವ ಭಾನುವಾರವೇ, ಆರು ಗಂಟೆಗೆ ಹೊಲದಲ್ಲಿರಿ. ನನ್ನ ಟ್ರಾನ್ಸ್‌ಮಿಟರ್‌ಗೆ (ರಿಮೋಟಿಗೆ) ಇನ್ನೊಂದು ರಿಮೋಟ್ ಜೋಡಿಸುವ ಟ್ರೈನರ್ ಕೇಬಲ್ ಇದೆ, ನೀವು ತಪ್ಪಿದರೆ ನಾನು ಹಿಡಿಯುತ್ತೇನೆ. ಮನೆಯವರನ್ನೂ ಕರೆದುಕೊಂಡು ಬನ್ನಿ, ರೊಟ್ಟಿ ಶೇಂಗಾ ಚಟ್ನಿ ನನ್ನ ಕಡೆಯಿಂದ. ಬರುವ ದಾರಿಯಲ್ಲಿ ಒಂದು ಲೀಟರ್ ಪೆಟ್ರೋಲ್ ತನ್ನಿ. ಆಯಿಲ್ ಬೆರೆಸಬೇಡಿ, ಇಲ್ಲಿ ಅಳತೆ ಮಾಡಿ ಬೆರೆಸೋಣ.